ಓಕೆ: ಎರಡಕ್ಷರದ ಹುಟ್ಟು ಮತ್ತು ಸಾಕ್ಷ್ಯದ ಹಕ್ಕು



ಕನ್ನಡಿಗರು ದಿನನಿತ್ಯ ಆಡುವ ಇಂಗ್ಲಿಷ್ ಪದಗಳನ್ನು ಲೆಕ್ಕ ಹಾಕಲು ಹೊರಟರೆ ‘ಓಕೆ’ ಎಂಬುದು ಮೊದಲ ಸಾಲಿನಲ್ಲೇ ಬಂದು ನಿಲ್ಲುತ್ತದೆ. ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಅದು ಸಲೀಸಾಗಿ ಓಡಾಡುತ್ತದೆ. ‘ಅವರಿಗೆ ಓಕೆನಾ ಕೇಳು’, ‘ಸಾಹೇಬರು ಫೈಲು ಓಕೆ ಮಾಡಿದರು’, ‘ಸಿನಿಮಾ ಓಕೆ, ಪರವಾಗಿಲ್ಲ’ ಎನ್ನುವಾಗ ನಾವು ಪರಭಾಷೆಯ ಪದವೊಂದನ್ನು ಬಳಸುತ್ತಿದ್ದೇವೆ ಎಂಬ ಅರಿವೂ ಉಳಿದಿರುವುದಿಲ್ಲ. ಪ್ರಪಂಚದ ಎಷ್ಟೋ ಭಾಷೆಗಳಲ್ಲಿ ಇದೇ ಸ್ಥಿತಿ. ಇಷ್ಟು ಬಳಕೆಯ ಪದ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಒಂದಲ್ಲ, ಹತ್ತಾರು. ಗ್ರೀಕರು ತಮ್ಮದೆನ್ನುತ್ತಾರೆ, ಸ್ಕಾಟ್ಲೆಂಡಿನವರು ತಮ್ಮದೆನ್ನುತ್ತಾರೆ, ಅಮೆರಿಕದ ಮೂಲನಿವಾಸಿಗಳ ಪರವಾಗಿ ವಾದಿಸುವವರಿದ್ದಾರೆ, ಪಶ್ಚಿಮ ಆಫ್ರಿಕದ ಪರವಾಗಿ ವಾದಿಸುವವರೂ ಇದ್ದಾರೆ. ಈ ಹಕ್ಕುದಾರರ ನಡುವೆ ತೀರ್ಪು ಹೇಳುವ ಬಗೆ ಯಾವುದು ಎಂಬುದೇ ಇಂದಿನ ನನ್ನ ವಿಷಯ. ಪದವೊಂದರ ಹುಟ್ಟನ್ನು ನಿರ್ಣಯಿಸುವ ಹಕ್ಕು ಇರುವುದು ತಾರೀಕು ಹೊತ್ತ, ಒಂದಕ್ಕೊಂದು ಕೊಂಡಿ ಹಾಕಿಕೊಂಡ ಬರಹದ ಸಾಕ್ಷ್ಯಕ್ಕೆ. ಕಥೆಯ ಸೊಗಸಿಗಾಗಲಿ, ಹಕ್ಕುದಾರರ ಘನತೆಗಾಗಲಿ, ಅವರ ಮೇಲೆ ನಮಗಿರುವ ನ್ಯಾಯವಾದ ಅನುಕಂಪಕ್ಕಾಗಲಿ ಅಲ್ಲ ಎಂಬುದು ನನ್ನ ವಾದ. ಕೊನೆಯ ಮಾತು ಕಠಿಣವಾಗಿ ಕೇಳಿಸಬಹುದು. ಆದ್ದರಿಂದಲೇ ಅದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ.

ಮೊದಲು ಸುಲಭವಾಗಿ ಬಿದ್ದುಹೋಗುವ ಕಥೆಗಳನ್ನು ಬದಿಗಿಡೋಣ. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರಿಗೆ ಹಂಚಿದ ಬಿಸ್ಕತ್ತಿನ ಮೇಲೆ ಆರಿನ್ ಕೆಂಡಲ್ ಎಂಬ ತಯಾರಕನ ಹೆಸರಿನ ಮೊದಲಕ್ಷರಗಳಿದ್ದವು, ಬಿಸ್ಕತ್ತು ಚೆನ್ನಾಗಿತ್ತು, ಅಲ್ಲಿಂದ ಓಕೆ ಬಂತು ಎನ್ನುವುದು ಒಂದು ಕಥೆ. ಅದೇ ಯುದ್ಧದಲ್ಲಿ ಯಾರೂ ಸಾಯದ ದಿನ ಸೊನ್ನೆಯ ಮುಂದೆ ‘ಕಿಲ್ಡ್’ ಪದದ ಮೊದಲಕ್ಷರ ಬರೆಯುತ್ತಿದ್ದರು ಎನ್ನುವುದು ಇನ್ನೊಂದು. ತಂತಿ ಕಚೇರಿಯವರು ‘ಓಪನ್ ಕೀ’ ಎಂಬುದನ್ನು ಮೊಟಕು ಮಾಡಿಕೊಂಡರು ಎನ್ನುವುದು ಮೂರನೆಯದು. ಅಂತರ್ಯುದ್ಧ ನಡೆದದ್ದು 1861ರಿಂದ 1865ರವರೆಗೆ. ಮೋರ್ಸ್ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತನ್ನ ಪ್ರಸಿದ್ಧ ತಂತಿ ಸಂದೇಶ ಕಳಿಸಿದ್ದು 1844ರಲ್ಲಿ. ಓಕೆ ಅದಕ್ಕೂ ಐದು ವರ್ಷ ಮೊದಲೇ ಅಚ್ಚಾಗಿತ್ತು. ಮಗು ಹುಟ್ಟಿದ ಮೇಲೆ ಹುಟ್ಟಿದವರು ಅದರ ತಂದೆಯಾಗಲಾರರು. ಗ್ರೀಕಿನ ‘ಓಲಾ ಕಲಾ’, ಎಂದರೆ ಎಲ್ಲವೂ ಚೆನ್ನ, ಮತ್ತು ಸ್ಕಾಟರ ‘ಆಕ್ ಐ’, ಎಂದರೆ ಓಹೋ ಹೌದು, ಇವು ಕಾಲದ ಪರೀಕ್ಷೆಯಲ್ಲಿ ಸೋಲುವುದಿಲ್ಲ, ನಿಜ. ಆದರೆ ಅವುಗಳ ಬೆನ್ನಿಗಿರುವುದು ಧ್ವನಿಯ ಹೋಲಿಕೆ ಮಾತ್ರ. ಎರಡು ಸಣ್ಣ ಅಕ್ಷರಗಳ ಹೋಲಿಕೆ ಪ್ರಪಂಚದ ಯಾವ ಎರಡು ಭಾಷೆಗಳ ನಡುವೆಯಾದರೂ ಆಕಸ್ಮಿಕವಾಗಿ ಸಿಕ್ಕೀತು.

ಕಾಲದಲ್ಲಿ 1839ಕ್ಕಿಂತ ಹಿಂದೆ ಹೋಗುವ ಎರಡು ಕಾಗದಗಳನ್ನು ಪಂಡಿತರು ಬಹಳ ಕಾಲ ಚರ್ಚಿಸಿದರು. ಇಂದಿನ ಟೆನೆಸಿ ರಾಜ್ಯಕ್ಕೆ ಸೇರಿದ ಸಮ್ನರ್ ಕೌಂಟಿಯ 1790ರ ನ್ಯಾಯಾಲಯ ದಾಖಲೆಯಲ್ಲಿ, ಮುಂದೆ ಅಧ್ಯಕ್ಷನಾದ ಆಂಡ್ರ್ಯೂ ಜಾಕ್ಸನ್ ಹಾಜರುಪಡಿಸಿದ ಕ್ರಯಪತ್ರವೊಂದರ ನಮೂದಿನ ಕೊನೆಗೆ ‘ಓ.ಕೆ.’ ಎಂದಿದೆ ಎಂದು ಹೇಳಲಾಗುತ್ತಿತ್ತು. ಕೈಬರಹವನ್ನು ಹತ್ತಿರದಿಂದ ನೋಡಿದಾಗ ಅದು ‘ಓ.ಆರ್.’ ಎಂದು ತಿಳಿಯಿತು. ದಾಖಲಿಸಲು ಆದೇಶವಾಗಿದೆ ಎಂಬುದಕ್ಕೆ ಅಂದಿನ ಗುಮಾಸ್ತರು ಹಾಕುತ್ತಿದ್ದ ರೂಢಿಯ ಗುರುತು. ಇನ್ನೊಂದು, ವಿಲಿಯಂ ರಿಚರ್ಡ್‌ಸನ್ ಎಂಬಾತ ಬೋಸ್ಟನ್ನಿನಿಂದ ನ್ಯೂ ಆರ್ಲಿಯನ್ಸಿಗೆ ಹೋದ 1815ರ ಪ್ರಯಾಣದ ದಿನಚರಿ. ಅದರಲ್ಲಿ ಆ ಎರಡಕ್ಷರದಂತೆ ಕಾಣುವ ಗೀಚು ಇರುವುದು ಹೊಡೆದು ತಿದ್ದಿದ ಜಾಗದಲ್ಲಿ. ವಾಕ್ಯದ ಅರ್ಥಕ್ಕೆ ಅದು ಕೂಡಿಬರುವುದೂ ಇಲ್ಲ. ಅಚ್ಚಾದ ಪುಸ್ತಕದ ಮಾತಿಗೆ ತೃಪ್ತರಾಗದೆ ಮೂಲ ಹಸ್ತಪ್ರತಿಯನ್ನೇ ಬಿಡಿಸಿ ನೋಡಿದವರಿಂದ ಈ ಎರಡೂ ತೀರ್ಮಾನಗಳು ಬಂದವು. ನಮ್ಮಲ್ಲಿ ಶಾಸನದ ಪಡಿಯಚ್ಚನ್ನು ಮತ್ತೆ ತೆಗೆದು ಓದುವವರ ಶ್ರಮದ ಬೆಲೆ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಈಗ ಬೋಸ್ಟನ್ನಿಗೆ ಬರೋಣ. 1839ರ ಮಾರ್ಚ್ 23ರ ‘ಬೋಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯ ಎರಡನೇ ಪುಟದಲ್ಲಿ ಒಂದು ಹಗುರ ಟಿಪ್ಪಣಿ ಅಚ್ಚಾಯಿತು. ಪತ್ರಿಕೆಯ ಸಂಪಾದಕ ಚಾರ್ಲ್ಸ್ ಗಾರ್ಡನ್ ಗ್ರೀನ್. ಊರಿನಲ್ಲಿ ಗಂಟೆ ಬಾರಿಸುವ ವಿಚಾರ ಹಿಡಿದು ವಿನೋದಪ್ರಿಯರು ಕಟ್ಟಿಕೊಂಡಿದ್ದ ಗಂಟೆ-ವಿರೋಧಿ ಸಂಘದ ಸದಸ್ಯರ ಪ್ರಯಾಣದ ಬಗ್ಗೆ, ಪ್ರಾವಿಡೆನ್ಸ್ ಊರಿನ ಪತ್ರಿಕೆಯವರನ್ನು ಕೆಣಕುತ್ತಾ ಬರೆದ ಮಾತು ಅದು. ಅದರ ನಡುವೆ ‘ಓ.ಕೆ.’ ಎಂದು ಬರೆದು, ಪಕ್ಕದಲ್ಲೇ ಒಂದು ಗೆರೆ ಎಳೆದು, ‘ಆಲ್ ಕರೆಕ್ಟ್’, ಎಲ್ಲವೂ ಸರಿ, ಎಂದು ಅರ್ಥ ಕೊಡಲಾಗಿದೆ. ‘ಆಲ್ ಕರೆಕ್ಟ್’ ಎಂಬುದರ ಮೊದಲಕ್ಷರಗಳು ಇಂಗ್ಲಿಷಿನಲ್ಲಿ ಎ ಮತ್ತು ಸಿ ಆಗಬೇಕು, ಓ ಮತ್ತು ಕೆ ಹೇಗಾದವು? ಇಲ್ಲಿಯೇ ಆ ಊರಿನ ಆ ಎರಡು ವರ್ಷಗಳ ಗೀಳನ್ನು ಅರಿಯಬೇಕು. 1838ರ ಬೇಸಿಗೆಯಿಂದ ಬೋಸ್ಟನ್ನಿನ ಪತ್ರಕರ್ತರಿಗೆ ನುಡಿಗಟ್ಟುಗಳನ್ನು ಮೊದಲಕ್ಷರಕ್ಕೆ ಇಳಿಸುವ ಹುಚ್ಚು ಹತ್ತಿತ್ತು. ‘ಇನ್ನು ನೋಡಬೇಕು’ ಎಂಬರ್ಥದ ‘ರಿಮೇನ್ಸ್ ಟು ಬಿ ಸೀನ್’ ಎಂಬುದು ಆರ್.ಟಿ.ಬಿ.ಎಸ್. ಆಯಿತು. ಸಾಲ ತೀರಿಸದೆ ಓಡಿಹೋದವನನ್ನು ಕುರಿತ ‘ಗಾನ್ ಟು ಟೆಕ್ಸಾಸ್’ ಎಂಬುದನ್ನು ಜಿ.ಟಿ. ಎಂದರು. ಗೀಳು ಬಲಿತಂತೆ, ಅಕ್ಷರ ಬಾರದವರ ಕಾಗುಣಿತವನ್ನು ಅಣಕಿಸಿ ಆ ತಪ್ಪು ಕಾಗುಣಿತದ ಮೊದಲಕ್ಷರಗಳನ್ನು ಬರೆಯುವುದು ಶುರುವಾಯಿತು. ‘ನೋ ಗೋ’ ಎಂಬುದು ಎನ್.ಜಿ. ಆಗಿದ್ದದ್ದು ಕೆ.ಜಿ. ಆಯಿತು, ‘ನೋ ಯೂಸ್’ ಎಂಬುದು ಕೆ.ವೈ. ಆಯಿತು, ‘ಆಲ್ ರೈಟ್’ ಎಂಬುದು ಓ.ಡಬ್ಲ್ಯೂ. ಆಯಿತು. ‘ಆಲ್’ ಪದವನ್ನು ಓಕಾರದಿಂದ ತಪ್ಪಾಗಿ ಬರೆದ ಈ ಓ.ಡಬ್ಲ್ಯೂ. ನಮ್ಮ ಓ.ಕೆ.ಯ ಒಡಹುಟ್ಟು; ಓ.ಕೆ.ಯಲ್ಲಿ ‘ಕರೆಕ್ಟ್’ ಪದವನ್ನೂ ಹಾಗೆಯೇ ಕೆ ಅಕ್ಷರದಿಂದ ತಪ್ಪಾಗಿ ಬರೆಯಲಾಗಿದೆ. ಒಂದೇ ಊರು, ಒಂದೇ ಕಾಲ, ಒಂದೇ ರಚನಾಕ್ರಮ. ಇಂಥ ಹತ್ತಾರು ಪದಗಳ ಗುಂಪಿನ ನಡುವೆ, ಅರ್ಥವನ್ನೂ ಜೊತೆಗಿಟ್ಟುಕೊಂಡು, ಪೂರ್ಣವಿರಾಮದ ಚುಕ್ಕೆಗಳ ಸಮೇತ ಓ.ಕೆ. ಕಾಣಿಸಿಕೊಳ್ಳುತ್ತದೆ. ಪದಮೂಲದ ಚರ್ಚೆಯಲ್ಲಿ ಇಷ್ಟು ಬಲವಾದ ಸಾಕ್ಷ್ಯ ಸಿಗುವುದು ಅಪರೂಪ. ಬಹುತೇಕ ಪದಗಳ ವಿಷಯದಲ್ಲಿ ನಾವು ಊಹೆಯಿಂದ ಊಹೆಗೆ ಸೇತುವೆ ಕಟ್ಟುತ್ತೇವೆ. ಇಲ್ಲಿ ಹುಟ್ಟಿದ ಮನೆಯೇ ಗೋಡೆ ಸಮೇತ ನಿಂತಿದೆ.

ಹುಟ್ಟಿದ ಪದ ಬದುಕಿದ್ದು ಹೇಗೆ ಎಂಬುದು ಬೇರೆಯೇ ಪ್ರಶ್ನೆ. ಓ.ಡಬ್ಲ್ಯೂ., ಕೆ.ವೈ., ಕೆ.ಜಿ. ಎಲ್ಲವೂ ಕೆಲವೇ ವರ್ಷಗಳಲ್ಲಿ ಮರೆಯಾದವು. ಓ.ಕೆ. 1839 ಮುಗಿಯುವುದರೊಳಗೆ ನ್ಯೂಯಾರ್ಕ್, ಫಿಲಡೆಲ್ಫಿಯಾಗಳ ಪತ್ರಿಕೆಗಳನ್ನು ಮುಟ್ಟಿತ್ತು. ಮರುವರ್ಷ ಅಧ್ಯಕ್ಷ ಚುನಾವಣೆ. ಎರಡನೇ ಅವಧಿಗೆ ನಿಂತಿದ್ದ ಮಾರ್ಟಿನ್ ವ್ಯಾನ್ ಬ್ಯೂರೆನ್ ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್ ಎಂಬ ಊರಿನವನು. ಅವನ ಪಕ್ಷದವರು ಅವನನ್ನು ‘ಓಲ್ಡ್ ಕಿಂಡರ್‌ಹುಕ್’, ಕಿಂಡರ್‌ಹುಕ್ಕಿನ ಹಿರಿಯ, ಎಂದು ಕರೆದು ನ್ಯೂಯಾರ್ಕಿನಲ್ಲಿ ‘ಓ.ಕೆ. ಕ್ಲಬ್’ ಕಟ್ಟಿದರು. ಹಿಂದಿನ ವರ್ಷದ ಪತ್ರಿಕಾ ವಿನೋದ ಈಗ ಚುನಾವಣೆಯ ಕೂಗಾಯಿತು: ನಮ್ಮ ಹಿರಿಯನೂ ಓ.ಕೆ., ದೇಶದ ವ್ಯವಹಾರವೂ ಓ.ಕೆ. ವಿರೋಧಿಗಳಾದ ವಿಗ್ ಪಕ್ಷದವರು ಸುಮ್ಮನಿರಲಿಲ್ಲ. ಅದೇ ಎರಡಕ್ಷರಕ್ಕೆ ಕೈ ಬರಿದಾಗಿದೆ, ಭಾರೀ ಅನಾಹುತ ಎಂಬಂಥ ಅರ್ಥಗಳನ್ನು ತುಂಬಿ ತಿರುಗಿಸಿ ಹೊಡೆದರು. ವ್ಯಾನ್ ಬ್ಯೂರೆನ್‌ಗೆ ಮುನ್ನ ಅಧ್ಯಕ್ಷನಾಗಿದ್ದ ಜಾಕ್ಸನ್‌ಗೆ ಕಾಗುಣಿತ ಬರುತ್ತಿರಲಿಲ್ಲ, ‘ಆಲ್ ಕರೆಕ್ಟ್’ ಎಂಬುದನ್ನು ತಪ್ಪಾಗಿ ಬರೆದು ಕಾಗದಪತ್ರಗಳ ಮೇಲೆ ಓ.ಕೆ. ಎಂದು ಷರಾ ಹಾಕುತ್ತಿದ್ದ ಎಂಬ ಕಟ್ಟುಕಥೆಯೂ 1840ರ ಪತ್ರಿಕೆಗಳಲ್ಲೇ ಹುಟ್ಟಿದ್ದು. ಚುನಾವಣೆಯಲ್ಲಿ ವ್ಯಾನ್ ಬ್ಯೂರೆನ್ ಸೋತು ವಿಲಿಯಂ ಹೆನ್ರಿ ಹ್ಯಾರಿಸನ್ ಗೆದ್ದ. ಆದರೆ ದೇಶದ ಮೂಲೆಮೂಲೆಗೆ ಹರಡಿದ ಆ ಎರಡಕ್ಷರ ಸೋಲಲಿಲ್ಲ. ಜಾಕ್ಸನ್ ಕುರಿತ ಕಟ್ಟುಕಥೆಗೂ ಅದರ ಬಾಳ್ವೆಯಲ್ಲಿ ಪಾಲಿದೆ: ಅಧ್ಯಕ್ಷನೇ ಷರಾ ಹಾಕುತ್ತಿದ್ದನಂತೆ ಎಂಬ ಸುಳ್ಳನ್ನು ನಂಬಿದ ಗುಮಾಸ್ತರು, ವ್ಯಾಪಾರಿಗಳು ತಾವೂ ಕಾಗದಗಳ ಮೇಲೆ ಹಾಗೆ ಬರೆಯತೊಡಗಿದರು ಎಂಬುದು ಈ ವಿಷಯದ ವಿದ್ವಾಂಸರಲ್ಲಿ ಕೆಲವರ ಅಭಿಪ್ರಾಯ, ನನಗೂ ಅದು ಒಪ್ಪಿತ.

ಇದನ್ನೆಲ್ಲ ಬೆಳಕಿಗೆ ತಂದವರು ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆನ್ ವಾಕರ್ ರೀಡ್. ಚುನಾವಣೆಯ ನಂಟನ್ನು ಅವರು 1941ರಲ್ಲೇ ತೋರಿಸಿದ್ದರು. ಅಲ್ಲಿಗೆ ನಿಲ್ಲಿಸದೆ ಹಳೆಯ ಪತ್ರಿಕೆಗಳ ಕಡತಗಳನ್ನು ಪುಟಪುಟವಾಗಿ ಓದಿ, 1963 ಮತ್ತು 1964ರಲ್ಲಿ ‘ಅಮೆರಿಕನ್ ಸ್ಪೀಚ್’ ಎಂಬ ವಿದ್ವತ್ ಪತ್ರಿಕೆಯಲ್ಲಿ ಸಾಲುಸಾಲಾಗಿ ಲೇಖನಗಳನ್ನು ಪ್ರಕಟಿಸಿದರು. ಗಣಕಯಂತ್ರದ ಹುಡುಕಾಟ ಇಲ್ಲದ ಕಾಲದಲ್ಲಿ ಕಣ್ಣಿನಿಂದ ನಡೆದ ಕೆಲಸ ಅದು. ಕನ್ನಡಿಗರಿಗೆ ಈ ಬಗೆಯ ಕೆಲಸದ ಮಹತ್ವ ಹೊಸದಲ್ಲ. ‘ಬೆಂದ ಕಾಳೂರು’ ಬೆಂಗಳೂರಾಯಿತು, ಹಸಿದು ಬಂದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು ಎಂಬ ಕಥೆ ನಮಗೆಲ್ಲ ಪ್ರಿಯವಾದದ್ದು. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 12ನೇ ಶತಮಾನದಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದ ಬಳಿ ಸಿಕ್ಕಿದ, ಸುಮಾರು 890ರ ಗಂಗರ ಕಾಲದ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಆಗಲೇ ಹೆಸರಿಸುತ್ತದೆ. ಕಥೆಯ ಮುದುಕಿ ಕಾಳು ಬೇಯಿಸುವುದಕ್ಕೆ ಸುಮಾರು 300 ವರ್ಷ ಮುನ್ನವೇ ಊರಿಗೆ ಆ ಹೆಸರಿತ್ತು. ಕಥೆಯ ಮೇಲಿನ ಪ್ರೀತಿಯನ್ನು ನಾವು ಬಿಡಬೇಕಿಲ್ಲ, ಅದು ಜನಪದದ ಸಂಪತ್ತು. ಇತಿಹಾಸದ ಸ್ಥಾನವನ್ನು ಮಾತ್ರ ಅದಕ್ಕೆ ಕೊಡಲಾಗದು.

ಇನ್ನು ಆಕ್ಷೇಪಗಳು. ಮೊದಲನೆಯದು ಸಾಮಾನ್ಯ ಓದುಗರದು: ಇಡೀ ಜಗತ್ತು ಒಪ್ಪಿಗೆ ಸೂಚಿಸಲು ಬಳಸುವ ಪದಕ್ಕೆ ಇಷ್ಟು ಕ್ಷುಲ್ಲಕ ಹುಟ್ಟು ಇರಲು ಸಾಧ್ಯವೇ, ಕೆಲವು ಪತ್ರಕರ್ತರ ಹುಡುಗಾಟ ಇಷ್ಟು ದೂರ ಬರುತ್ತದೆಯೇ? ಈ ಆಕ್ಷೇಪದ ಹಿಂದೆ, ದೊಡ್ಡದರ ಬೇರು ದೊಡ್ಡದೇ ಆಗಿರಬೇಕು ಎಂಬ ನಂಬಿಕೆ ಇದೆ. ಭಾಷೆಯಲ್ಲಿ ಅದಕ್ಕೆ ಆಧಾರವಿಲ್ಲ. ಪದದ ಹುಟ್ಟಿಗೆ ಕಾರಣವಾದದ್ದು ಒಂದು, ಉಳಿವಿಗೆ ಕಾರಣವಾದದ್ದು ಇನ್ನೊಂದು. ಓ.ಡಬ್ಲ್ಯೂ. ಮತ್ತು ಓ.ಕೆ. ಒಂದೇ ಹುಡುಗಾಟದ ಮಕ್ಕಳು. ಮೊದಲನೆಯದಕ್ಕೆ ಚುನಾವಣೆ ಸಿಗಲಿಲ್ಲ, ಎರಡನೆಯದಕ್ಕೆ ಸಿಕ್ಕಿತು. ಕಿಂಡರ್‌ಹುಕ್ ಎಂಬ ಊರಿನ ಹೆಸರು ಕೆ ಅಕ್ಷರದಿಂದ ಶುರುವಾಗದೇ ಇದ್ದಿದ್ದರೆ ನಾವು ಇಂದು ಈ ಪದವನ್ನು ಚರ್ಚಿಸುತ್ತಿರಲಿಲ್ಲವೇನೋ. ಆಕಸ್ಮಿಕವನ್ನು ಆಕಸ್ಮಿಕವೆಂದೇ ಒಪ್ಪಿಕೊಳ್ಳುವುದು ಪಂಡಿತರಿಗೂ ಕಷ್ಟ, ಆದರೆ ಕಾಗದಗಳು ಹೇಳುತ್ತಿರುವುದು ಅದನ್ನೇ.

ಎರಡನೇ ಆಕ್ಷೇಪ ಗಂಭೀರವಾದದ್ದು, ನ್ಯಾಯದ ನೆಲೆಯಿಂದ ಬಂದದ್ದು. ಅಚ್ಚಿನ ಸಾಕ್ಷ್ಯವನ್ನು ಮಾತ್ರ ನಂಬಿದರೆ ಅಚ್ಚುಯಂತ್ರ ಯಾರ ಕೈಯಲ್ಲಿತ್ತೋ ಅವರ ಮಾತಷ್ಟೇ ಇತಿಹಾಸವಾಗುತ್ತದೆ. ಬೋಸ್ಟನ್ನಿನ ಬಿಳಿಯ ಸಂಪಾದಕನಿಗೆ ಪತ್ರಿಕೆ ಇತ್ತು. ಹೊಲದಲ್ಲಿ ದುಡಿಯುತ್ತಿದ್ದ ಆಫ್ರಿಕನ್ ಗುಲಾಮನಿಗೆ, ನೆಲ ಕಳೆದುಕೊಂಡ ಮೂಲನಿವಾಸಿ ಚಾಕ್ಟಾ ಮನುಷ್ಯನಿಗೆ ಅದಿರಲಿಲ್ಲ. ಚಾಕ್ಟಾ ಭಾಷೆಯಲ್ಲಿ ವಾಕ್ಯದ ಕೊನೆಗೆ ಬಂದು ‘ಅದು ಹಾಗೆಯೇ ಸರಿ’ ಎಂದು ಒತ್ತಿಹೇಳುವ ‘ಓಕೆಹ್’ ಎಂಬ ಪ್ರತ್ಯಯದಂಥ ನುಡಿ ಇದೆ. ಅಧ್ಯಕ್ಷ ವುಡ್ರೋ ವಿಲ್ಸನ್ ಈ ಮೂಲವನ್ನು ನಂಬಿ ಕಾಗದಗಳ ಮೇಲೆ ಅದೇ ಕಾಗುಣಿತದಲ್ಲಿ ಒಪ್ಪಿಗೆ ಬರೆಯುತ್ತಿದ್ದರು. ಪಶ್ಚಿಮ ಆಫ್ರಿಕದ ವೊಲೊಫ್ ಭಾಷೆಯಲ್ಲಿ ‘ವಾವ್’ ಎಂದರೆ ಹೌದು. ಅದಕ್ಕೆ ಒತ್ತು ಕೊಡುವ ‘ಕೇ’ ಸೇರಿ ಆಗುವ ‘ವಾವ್ ಕೇ’ ಎಂಬುದೇ ಓಕೆಯ ಮೂಲವಿರಬೇಕೆಂದು ಭಾಷಾವಿಜ್ಞಾನಿ ಡೇವಿಡ್ ಡಾಲ್ಬಿ ವಾದಿಸಿದರು. 1784ರಲ್ಲಿ ಪ್ರಕಟವಾದ ಜೆ.ಎಫ್.ಡಿ. ಸ್ಮಿತ್ ಅವರ ಅಮೆರಿಕ ಪ್ರವಾಸಕಥನದಲ್ಲಿ ಗುಲಾಮನೊಬ್ಬ ತನ್ನ ಮಾತನ್ನು ‘ಕೇ’ ಎಂದು ಶುರುಮಾಡುವುದು ಈ ವಾದಕ್ಕೆ ಕೊಡುವ ಆಧಾರ. 1830ರ ಕಾಯ್ದೆಯ ಬಲದಿಂದ ಚಾಕ್ಟಾ ಜನರನ್ನು ಅವರ ನೆಲದಿಂದ ಕಿತ್ತು ಪಶ್ಚಿಮಕ್ಕೆ ಅಟ್ಟಿದ ಕಾಲವೂ ಓ.ಕೆ. ಅಚ್ಚಾದ ಕಾಲವೂ ಒಂದೇ ದಶಕದ್ದು. ಹೀಗಿರುವಾಗ ಆ ಜನರಿಗೆ ಒಂದು ಪದದ ಗೌರವವನ್ನಾದರೂ ಕೊಡಬೇಕೆನ್ನುವ ಮನಸ್ಸು ಸಣ್ಣದಲ್ಲ.

ಈ ಆಕ್ಷೇಪದ ಮೊದಲರ್ಧವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಬರಹದ ದಾಖಲೆ ಪಕ್ಷಪಾತಿ. ಅದರಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇರಲಿಲ್ಲ ಎಂದು ಹೇಳುವ ಧೈರ್ಯ ಯಾವ ಭಾಷಾವಿದ್ವಾಂಸನಿಗೂ ಇರಬಾರದು. ಆದರೆ ನಾನು ವಾದಿಸುತ್ತಿರುವುದು ಅಭಾವದ ಮೇಲಲ್ಲ, ಇರುವಿಕೆಯ ಮೇಲೆ. 1839ರ ಓ.ಕೆ. ಒಂಟಿಯಾಗಿ ಸಿಕ್ಕಿದ್ದರೆ, ಹಿಂದಿನಿಂದ ಬಾಯಿಮಾತಿನಲ್ಲಿದ್ದ ಪದವನ್ನು ಪತ್ರಕರ್ತ ಕದ್ದು ಹೊಸ ಅರ್ಥ ಹಚ್ಚಿದ ಎನ್ನಬಹುದಿತ್ತು. ಆದರೆ ಅದು ಸಿಕ್ಕಿದ್ದು ಒಡಹುಟ್ಟುಗಳ ನಡುವೆ. ಓ.ಡಬ್ಲ್ಯೂ.ಗೂ ಕೆ.ವೈ.ಗೂ ಆಫ್ರಿಕದಲ್ಲೋ ಚಾಕ್ಟಾದಲ್ಲೋ ಮೂಲ ಹುಡುಕುವವರಿಲ್ಲ; ಅವು ಏನು, ಹೇಗೆ ಹುಟ್ಟಿದವು ಎಂಬುದು ಗೊತ್ತು. ಅದೇ ಅಚ್ಚಿನಲ್ಲಿ ಎರಕವಾದ ಓ.ಕೆ.ಗೆ ಮಾತ್ರ ಬೇರೆ ಮೂಲ ಬೇಕೆಂದರೆ ಅದನ್ನು ಸಾಧಿಸುವ ಹೊರೆ ವಾದಿಯದು. ಚಾಕ್ಟಾ ನುಡಿ ಚಾಕ್ಟಾ ಭಾಷೆಯಲ್ಲಿ ಇತ್ತು ಎಂಬುದಕ್ಕೆ ಮಿಷನರಿಗಳ ಪುಸ್ತಕಗಳ ಸಾಕ್ಷ್ಯ ಧಾರಾಳವಾಗಿದೆ. ಬೇಕಾದದ್ದು ಅದಲ್ಲ. ಅದನ್ನು ಇಂಗ್ಲಿಷ್ ಮಾತನಾಡುವವರು 1839ಕ್ಕೆ ಮುನ್ನ ಇಂಗ್ಲಿಷ್ ವಾಕ್ಯದೊಳಗೆ ಬಳಸಿದ್ದಕ್ಕೆ ಒಂದು ಪತ್ರ, ಒಂದು ಲೆಕ್ಕದ ಚೀಟಿ, ಒಂದು ದಿನಚರಿಯ ಸಾಲು ಬೇಕು. ಅಮೆರಿಕನ್ನರ ವಿಚಿತ್ರ ನುಡಿಗಳನ್ನು ಹೆಕ್ಕಿ ಗುರುತು ಹಾಕಿಕೊಳ್ಳುವ ಆಸಕ್ತಿಯೇ ಆಗ ಇರಲಿಲ್ಲ ಎನ್ನುವ ಹಾಗೂ ಇಲ್ಲ. ಬೋಸ್ಟನ್ ಬಳಿಯ ಸೇಲಂ ಊರಿನ ಜಾನ್ ಪಿಕರಿಂಗ್ 1816ರಲ್ಲೇ ಅಮೆರಿಕದ ವಿಶಿಷ್ಟ ಪದಗಳ ಕೋಶ ಪ್ರಕಟಿಸಿದ್ದ. ಮೂಲನಿವಾಸಿಗಳ ಭಾಷೆಗಳಲ್ಲೂ ಅವನಿಗೆ ಆಳವಾದ ಆಸಕ್ತಿ ಇತ್ತು. ಅವನ ಕೋಶದಲ್ಲಿ ಓಕೆ ಇಲ್ಲ. ಸ್ಮಿತ್ ಕೇಳಿಸಿಕೊಂಡ ‘ಕೇ’ ಬಗ್ಗೆ ನನಗೆ ಹೆಚ್ಚು ಎಚ್ಚರವಿದೆ. ಅದು ನಿಜವಾದ ಕಿವಿಯ ಸಾಕ್ಷ್ಯ. ಆದರೆ ಅದರಲ್ಲಿ ‘ಓ’ ಇಲ್ಲ, ಅದಕ್ಕೂ ಬೋಸ್ಟನ್ನಿಗೂ ನಡುವೆ 55 ವರ್ಷಗಳಿವೆ, ಆ ವರ್ಷಗಳನ್ನು ತುಂಬುವ ಗಟ್ಟಿ ಕೊಂಡಿಗಳನ್ನು ಯಾರೂ ಮುಂದಿಟ್ಟಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಓ.ಕೆ. ಬಂದಿಳಿದಾಗ ಇಂಥ ದನಿ ಅಲ್ಲಿ ಮೊದಲೇ ಬಳಕೆಯಲ್ಲಿದ್ದು ಅದರ ಹರಡುವಿಕೆಗೆ ನೆರವಾಗಿರಬಹುದು ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಾಳೆ ಯಾವುದೋ ತೋಟದ ಮನೆಯ ಪೆಟ್ಟಿಗೆಯಿಂದ 1810ರ ಪತ್ರವೊಂದು ಹೊರಬಂದು ಈ ಪದವನ್ನು ಸ್ಪಷ್ಟವಾಗಿ ತೋರಿಸಿದರೆ ರೀಡ್ ಅವರ ತೀರ್ಮಾನವನ್ನು ಬದಲಿಸಲೇಬೇಕಾಗುತ್ತದೆ, ಬದಲಿಸಬೇಕು. ದಮನಕ್ಕೊಳಗಾದ ಜನರಿಗೆ ನಾವು ಸಲ್ಲಿಸಬೇಕಾದ ಋಣ ದೊಡ್ಡದು. ಅದನ್ನು ತೀರಿಸಬೇಕಾದದ್ದು ಅವರ ಭಾಷೆಗಳನ್ನು ನಿಜವಾಗಿ ಕಲಿತು, ದಾಖಲಿಸಿ, ಬದುಕಿಸುವುದರಿಂದ. ಆಧಾರ ಸಾಲದ ಒಂದು ಪದವನ್ನು ಅವರ ಕೈಗಿಟ್ಟಲ್ಲ. ಆಫ್ರಿಕದಿಂದ ಇಂಗ್ಲಿಷಿಗೆ ಬಂದವೆಂದು ಬಲವಾದ ಆಧಾರವಿರುವ ಪದಗಳಿವೆ, ಅವರ ಗೌರವ ಅಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಮೂರನೇ ಆಕ್ಷೇಪ ತತ್ತ್ವದ್ದು. ಅರ್ಥವಿರುವುದು ಬಳಕೆಯಲ್ಲಿ, ಇಂದು ಓಕೆ ಎನ್ನುವವರಿಗೆ ಬೋಸ್ಟನ್ನಿನ ಗೊಡವೆ ಏಕೆ? ಬಳಕೆಯೇ ಅರ್ಥ ಎಂಬುದು ನಿಜವೇ. ಆದರೂ ಈ ಪದದ ವಿಷಯದಲ್ಲಿ ಹುಟ್ಟು ಇಂದಿನ ಬಳಕೆಯ ಮೇಲೆ ಬೆಳಕು ಚೆಲ್ಲುತ್ತದೆ ಎಂದು ನನ್ನ ಎಣಿಕೆ. ಓಕೆ ಹೊಗಳುವ ಪದವಲ್ಲ. ಅಡುಗೆ ಹೇಗಿದೆ ಎಂದು ಕೇಳಿದಾಗ ಓಕೆ ಎಂದರೆ ಮಾಡಿದವರ ಮುಖ ಬಾಡುತ್ತದೆ. ಅದು ತಪ್ಪಿಲ್ಲ ಎನ್ನುತ್ತದೆ, ಮುಂದುವರಿಯಬಹುದು ಎನ್ನುತ್ತದೆ, ಅಷ್ಟೇ. ‘ಎಲ್ಲವೂ ಸರಿ’ ಎಂಬುದು ಪರಿಶೀಲಿಸಿದವನ ಷರಾ, ಮೆಚ್ಚಿದವನ ಮಾತಲ್ಲ. ಆ ಗುಣವೇ ಅದನ್ನು ರೈಲ್ವೆ ತಂತಿಯವರಿಗೆ ಪ್ರಿಯವಾಗಿಸಿತು: ಸಂದೇಶ ಮುಟ್ಟಿತು, ತಪ್ಪಿಲ್ಲ. 1969ರಲ್ಲಿ ಚಂದ್ರನ ನೆಲ ಮುಟ್ಟಿದ ಕ್ಷಣಗಳಲ್ಲಿ, ಎಂಜಿನ್ ನಿಲ್ಲಿಸುವ ಕ್ರಮವನ್ನು ಒಪ್ಪಿಸುತ್ತಾ ಬಜ್ ಆಲ್ಡ್ರಿನ್ ಆಡಿದ ಮಾತಿನಲ್ಲೂ ಓಕೆ ಇದೇ ಕೆಲಸ ಮಾಡಿತು. ಆಪಲ್ ಕಂಪನಿ 1980ರ ಸುಮಾರಿಗೆ ತನ್ನ ಲೀಸಾ ಗಣಕವನ್ನು ಬಳಕೆದಾರರ ಮುಂದಿಟ್ಟು ಪರೀಕ್ಷಿಸಿದಾಗ ಗುಂಡಿಯ ಮೇಲೆ ‘ಡು ಇಟ್’, ಮಾಡು, ಎಂದಿತ್ತು. ಅಕ್ಷರಗಳ ಆಕಾರದಿಂದಾಗಿ ಅದನ್ನು ಒಬ್ಬರು ‘ಡೋಲ್ಟ್’, ದಡ್ಡ, ಎಂದು ಓದಿಕೊಂಡರು. ಆಮೇಲೆ ಆ ಗುಂಡಿಯ ಮೇಲೆ ಬಂದದ್ದು ಓಕೆ. ಆಜ್ಞೆಯೂ ಅಲ್ಲದ, ಉತ್ಸಾಹವೂ ಅಲ್ಲದ, ನೋಡಿದ್ದೇನೆ, ಮುಂದೆ ಹೋಗಲಿ ಎಂಬ ಪದವೇ ಅಲ್ಲಿಗೆ ಬೇಕಾಗಿತ್ತು. ಇಷ್ಟು ವ್ಯಾಪಕವಾದ ಈ ಪದವನ್ನು ಗಂಭೀರ ಬರಹ ಬಹುಕಾಲ ದೂರವಿಟ್ಟಿತು. ಲೂಯಿಸಾ ಮೇ ಆಲ್ಕಾಟ್ ಅವರ ‘ಲಿಟ್ಲ್ ವಿಮೆನ್’ ಕಾದಂಬರಿಯ ಮೊದಲ ಮುದ್ರಣದಲ್ಲಿ ಒಂದೆಡೆ ಇದ್ದ ಓಕೆಯನ್ನು 1880ರ ಪರಿಷ್ಕೃತ ಮುದ್ರಣದಲ್ಲಿ ತೆಗೆದು ಬೇರೆ ಪದ ಹಾಕಲಾಯಿತು.

ಕನ್ನಡಕ್ಕೆ ಬಂದ ಓಕೆಯೂ ಈ ತಟಸ್ಥ ಗುಣವನ್ನು ಕಳೆದುಕೊಂಡಿಲ್ಲ. ನಮ್ಮಲ್ಲಿ ‘ಸರಿ’ ಇದೆ, ‘ಆಯ್ತು’ ಇದೆ, ‘ಹೂಂ’ ಇದೆ, ‘ಆಗಲಿ’ ಇದೆ. ‘ಆಗಲಿ’ ಎನ್ನುವವನಲ್ಲಿ ಅನುಮತಿ ಕೊಡುವ ಸ್ಥಾನ ಇರುತ್ತದೆ, ‘ಆಯ್ತು’ ಎನ್ನುವವನಲ್ಲಿ ಹೇಳಿದ್ದನ್ನು ಮಾಡುವ ಒಪ್ಪಿಗೆ ಇರುತ್ತದೆ, ‘ಸರಿ’ಯಲ್ಲಿ ನ್ಯಾಯದ ನೆರಳೂ ಇದೆ. ಓಕೆಯಲ್ಲಿ ಹಿರಿಕಿರಿಯರ ಲೆಕ್ಕ ಕಡಿಮೆ, ಅದಕ್ಕೇ ಅದು ಎಲ್ಲರ ಬಾಯಲ್ಲೂ ಕೂತಿತು ಎಂದು ನನಗನ್ನಿಸುತ್ತದೆ. ಆದರೆ ನಾನು ಇಷ್ಟು ಹೊತ್ತು ಬೇರೆಯವರಿಂದ ಬಯಸಿದ ಸಾಕ್ಷ್ಯವನ್ನು ಈ ನನ್ನ ಅನಿಸಿಕೆಗೂ ಬಯಸಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಹಳೆಯ ಪದಗಳಿಗೆ ಶಾಸನ, ಕಾವ್ಯಗಳಿಂದ ಪ್ರಯೋಗ ತೋರಿಸುವ ದೊಡ್ಡ ದಾರಿ ಹಾಕಿಕೊಟ್ಟಿದೆ. ಅದೇ ಶ್ರದ್ಧೆ ನಮ್ಮ ಎರವಲು ಪದಗಳಿಗೂ ಸಲ್ಲಬೇಕು. ಕನ್ನಡ ಲಿಪಿಯಲ್ಲಿ ಓಕೆ ಮೊದಲು ಅಚ್ಚಾದದ್ದು ಯಾವ ವರ್ಷ, ಕಾದಂಬರಿಯ ಸಂಭಾಷಣೆಯಲ್ಲೋ, ನಾಟಕದಲ್ಲೋ, ಪತ್ರಿಕೆಯ ನಗೆಬರಹದಲ್ಲೋ. ಅದಕ್ಕೆ ಅರ್ಥ ಕೊಡುವುದನ್ನು ಬರಹಗಾರರು ನಿಲ್ಲಿಸಿದ್ದು ಯಾವಾಗ. ‘ಓಕೆ ಮಾಡು’ ಎಂದು ಕ್ರಿಯಾಪದವಾದದ್ದು ಯಾವಾಗ? ಗ್ರಂಥಾಲಯಗಳಲ್ಲಿ ಕಟ್ಟಿಟ್ಟಿರುವ ಹಳೆಯ ವಾರಪತ್ರಿಕೆಗಳ ಸಂಪುಟಗಳು, ನಾಟಕ ಕಂಪನಿಗಳ ಹಸ್ತಪ್ರತಿಗಳು, ಚಲನಚಿತ್ರಗಳ ಸಂಭಾಷಣೆಯ ಪ್ರತಿಗಳು ಇದಕ್ಕೆ ಉತ್ತರ ಕೊಡಬಲ್ಲವು. ಇಲ್ಲಿ ಕುಳಿತಿರುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕೆಲಸ ಕೈಗೆತ್ತಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ. ಸಂಪುಟಗಳ ಕಾಗದ ವರ್ಷದಿಂದ ವರ್ಷಕ್ಕೆ ಪುಡಿಯಾಗುತ್ತಿದೆ, ಕೆಲಸ ಬೇಗ ಶುರುವಾಗಬೇಕು.